ಸೋಲಾರ್ ಹಾಕ್ಸೋಕ್ ಮುಂಚೆ ಒಂದ್ಸಲ ಟೆರೇಸ್ ಹತ್ತಿ ನೋಡಿ

ಸೋಲಾರ್ ವಾಟರ್ ಹೀಟರ್ ಅಂದ ತಕ್ಷಣ ಎಲ್ರೂ ಕೇಳೋದು ಯಾವ ಕಂಪನಿದು ಒಳ್ಳೇದು, ಎಷ್ಟಾಗುತ್ತೆ ಅಂತ. ಅದಿರ್ಲಿ, ಮೊದ್ಲು ನಿಮ್ಮನೆ ನೀರು ಯಾವ್ದು ಹೇಳಿ. ಮೈಸೂರು ಸಿಟಿ ಒಳಗೆ ಕಾವೇರಿ ನೀರು ಬರೋ ಮನೆ ಆದ್ರೆ ತಾಮ್ರದ ಪೈಪಿರೋ ಫ್ಲಾಟ್ ಪ್ಲೇಟ್ ಪ್ಯಾನೆಲ್ ಹಾಕ್ಸಿ, ದುಡ್ಡು ಸ್ವಲ್ಪ ಜಾಸ್ತಿ ಆದ್ರೂ ಗಟ್ಟಿಮುಟ್ಟು. ಊರಾಚೆ ಹೊಸ ಲೇಔಟು, ಮಂಡ್ಯ ಕಡೆ ಬೋರ್ ನೀರಿನ ಮನೆ ಆದ್ರೆ ಅದೇ ಪ್ಯಾನೆಲ್ ತಲೆನೋವು, ಗಡಸು ನೀರಿನ ಸುಣ್ಣ ಆ ಸಣ್ಣ ಪೈಪೊಳಗೆ ಕಟ್ಕೊಂಡು ಕಟ್ಕೊಂಡು ಕೊನೆಗೆ ನೀರು ಓಡೋದೇ ನಿಂತೋಗುತ್ತೆ, ಆಸಿಡ್ ಹಾಕಿ ಕ್ಲೀನ್ ಮಾಡೋರನ್ನ ಹುಡುಕ್ಕೊಂಡು ಅಲೀಬೇಕು. ಅಂಥ ಕಡೆ ಗಾಜಿನ ಟ್ಯೂಬಿಂದೇ ವಾಸಿ. ಟ್ಯೂಬಲ್ಲೂ ಸುಣ್ಣ ಕೂರುತ್ತೆ, ಇಲ್ಲ ಅಂತಲ್ಲ, ಆದ್ರೆ ಬಿಚ್ಚಿ ತೊಳೆದು ಮತ್ತೆ ಹಾಕ್ಬೋದು. ಟೆಸ್ಟೂ ಗಿಸ್ಟೂ ಏನು ಬೇಡ, ನೀರು ಕಾಯ್ಸೋ ಪಾತ್ರೆ ತಳದಲ್ಲಿ ಬಿಳೀ ಪೊರೆ ಕಟ್ಟುತ್ತಾ ನೋಡಿ ಸಾಕು. ಬೋರ್ ನೀರಾದ್ರೆ ಟ್ಯಾಂಕೊಳಗೆ ಮೆಗ್ನೀಷಿಯಂ ರಾಡ್ ಇದ್ಯಾ ಅಂತಲೂ ಕೇಳಿ, ಅದು ತಾನು ಸವೆದು ಟ್ಯಾಂಕ್ ಉಳ್ಸುತ್ತೆ, ಸವೆದ್ಮೇಲೆ ಬೇರೆ ಹಾಕ್ಸ್ಬೇಕು.

ಆಮೇಲೆ ಟೆರೇಸ್ ಹತ್ತಿ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರ್ಬೇಕು, ಅದು ಎಲ್ರಿಗೂ ಗೊತ್ತು, ಆದ್ರೆ ದಕ್ಷಿಣದ ಪಕ್ಕದ ಸೈಟು ಖಾಲಿ ಇದ್ರೆ ನಾಳೆ ಅಲ್ಲಿ ಮೂರು ಫ್ಲೋರ್ ಎದ್ದೇಳ್ಬೋದು ಅನ್ನೋದು ಯಾರ್ ತಲೇಗೂ ಬರಲ್ಲ, ಸೂರ್ಯ ಕೆಳಗೇ ಓಡಾಡೋ ಡಿಸೆಂಬರ್ ಜನವರೀಲೇ ನೆರಳು ಉದ್ದ ಬೀಳೋದು, ನಮಗೆ ಬಿಸಿನೀರು ಬೇಕಾಗಿರೋದೂ ಆವಾಗ್ಲೇ. ತೆಂಗಿನ ಮರದ ಕೆಳಗಂತೂ ಗಾಜು ಇಡ್ಲೇಬೇಡಿ, ಒಂದು ಕಾಯಿ ಬಿದ್ರೆ ಮುಗೀತು. ಚಾಮುಂಡಿ ಬೆಟ್ಟದ ಬುಡದೋರಿಗೆ ಕೋತಿ ಕಾಟ ಬೇರೆ, ಪೈಪ್ ಜಗ್ಗಾಡ್ತವೆ, ಕ್ಲ್ಯಾಂಪ್ ಹೊಡ್ಸಿ ಬಿಗಿ ಮಾಡ್ಸಿ.

ಇದಕ್ಕೆ ಮೋಟ್ರಿಲ್ಲ, ಬಿಸಿನೀರು ಹಗುರ ಅಂತ ತಾನೇ ಮೇಲೇರುತ್ತೆ, ತಣ್ಣೀರು ಕೆಳಗಿಳಿಯುತ್ತೆ, ಅಷ್ಟೇ ಇದ್ರ ಗುಟ್ಟು. ಸಿಂಟೆಕ್ಸಿಂದ ನೀರೂ ಹಂಗೇ ತಾನೇ ಇಳಿದು ಬರ್ಬೇಕು, ಅದಕ್ಕೇ ತಣ್ಣೀರಿನ ಸಿಂಟೆಕ್ಸ್ ತಳ ಸೋಲಾರ್ ಟ್ಯಾಂಕ್ ತಲೇಗಿಂತ ಮೇಲಿರ್ಬೇಕು, ಗಾಳಿ ಹೋಗೋ ಪೈಪು ಸಿಂಟೆಕ್ಸಿನ ನೀರಿನ ಮಟ್ಟಕ್ಕಿಂತಲೂ ಎತ್ತರ ಇರ್ಬೇಕು. ಸಿಂಟೆಕ್ಸ್ ಸುಮ್ನೆ ಟೆರೇಸ್ ನೆಲದ ಮೇಲೆ ಕೂತಿದ್ರೆ ಮೊದ್ಲು ಅದಕ್ಕೆ ಕಟ್ಟೆ ಕಟ್ಸಿ. ಪ್ರೆಶರ್ ಪಂಪ್ ಇರೋ ಮನೆಯೋರು ಅದನ್ನ ಮುಂಚೇನೇ ಹೇಳ್ಬಿಡಿ, ಮಾಮೂಲಿ ಟ್ಯಾಂಕ್ ಆ ಒತ್ತಡ ತಡೆಯಲ್ಲ. 200 ಲೀಟರ್ ಟ್ಯಾಂಕ್ ತುಂಬಿದ್ರೆ ನೀರೇ 200 ಕೆಜಿ, ಕೆಳಗೆ ಬೀಮ್ ಇರೋ ಜಾಗ ನೋಡಿ ಇಡ್ಸಿ, ಆರ್‌ಸಿಸಿಗೆ ತೂತು ಹೊಡೆಯೋಕೆ ಬಿಡ್ಬೇಡಿ, ಕಾಂಕ್ರೀಟ್ ಬ್ಲಾಕ್ ಮೇಲೆ ಸ್ಟ್ಯಾಂಡ್ ಕೂರ್ಸಿದ್ರಾಯ್ತು, ಇಲ್ದಿದ್ರೆ ಮಳೆಗಾಲದಲ್ಲಿ ಸೀಲಿಂಗ್ ಸೋರುತ್ತೆ.

ಪೈಪ್ ವಿಷಯದಲ್ಲಿ ಜುಗ್ಗತನ ಬೇಡ. ಬಿಸಿನೀರಿಗೆ ಸಿಪಿವಿಸಿನೇ, ಮಾಮೂಲಿ ಪಿವಿಸಿ ಬಿಸಿಗೆ ಬಾಗೋಗುತ್ತೆ. ಟ್ಯಾಂಕಿಂದ ಬಾತ್‌ರೂಮಿಗೆ ದಾರಿ ಉದ್ದ ಆದಷ್ಟೂ ಪೈಪಲ್ಲಿ ನಿಂತ ತಣ್ಣೀರು ಜಾಸ್ತಿ, ಮುಕ್ಕಾಲಿಂಚು ಪೈಪು 20 ಮೀಟರ್ ಇದ್ರೆ ಸುಮಾರು 5-6 ಲೀಟರ್ ತಣ್ಣೀರು ಬಂದ್ಮೇಲೇ ಬಿಸಿ ಬರೋದು, ಅದನ್ನ ಚರಂಡಿಗೆ ಬಿಡ್ದೆ ಬಕೆಟ್ಟಲ್ಲಿ ಹಿಡ್ದು ಗಿಡಕ್ಕೆ ಹಾಕಿ. ಬಿಸಿನೀರಿನ ಪೈಪಿಗೆ ಫೋಮ್ ಸುತ್ಸಿ, ಅಡುಗೆಮನೆಗೂ ಲೈನ್ ಕೊಡ್ಸೋದಾದ್ರೆ ಗೋಡೆ ಒಡೆಯೋ ಆವತ್ತೇ ಕೊಡ್ಸಿ.

ಇನ್ನೊಂದು, ಯಾವ ಫಿಟ್ಟರ್ರೂ ಹೇಳ್ದೇ ಇರೋದು. ಬಿಸಿ ತಣ್ಣೀರು ಎರಡೂ ಸೇರೋ ಮಿಕ್ಸರ್ ಇರುತ್ತಲ್ಲ, ಅದಕ್ಕೆ ಹ್ಯಾಂಡ್ ಶವರ್ ಹಾಕ್ಕೊಂಡು ಎರಡು ಟ್ಯಾಪೂ ತೆರೆದಿಟ್ಟು ಶವರಿನ ಗುಂಡಿ ಮಾತ್ರ ಬಂದ್ ಮಾಡಿ ಬಂದ್ಬಿಡ್ತಾರೆ, ಆಗ ತಣ್ಣೀರು ಬಿಸಿ ಲೈನಿಗೆ ನುಗ್ಗುತ್ತೆ, ಮನೆಯೋರೆಲ್ಲ ಸೋಲಾರ್ ಸರಿ ಇಲ್ಲ ಅಂತ ಬೈಕೊಂಡು ಕೂತಿರ್ತಾರೆ. ನೀರು ಕಾಯ್ತಿಲ್ಲ ಅನ್ನಿಸಿದ್ರೆ ಫೋನ್ ಮಾಡೋಕ್ ಮುಂಚೆ ಎಲ್ಲಾ ಟ್ಯಾಪು ತಿರುಗ್ಸಿ ಬಂದ್ ಮಾಡಿ ಒಂದಿನ ಬಿಸಿಲಿಗೆ ಬಿಟ್ಟು ನೋಡಿ.

ಬ್ಯಾಕಪ್ ಬೇಕೇ ಬೇಕು, ಜುಲೈ ಆಗಸ್ಟಲ್ಲಿ ಮೋಡ ಮುಚ್ಕೊಂಡಾಗ, ದೀಪಾವಳಿ ನೀರು ತುಂಬೋ ಹಬ್ಬದ ಮಾರನೇ ಬೆಳಗ್ಗೆ ಮನೆ ತುಂಬ ಜನ ಎಣ್ಣೆ ಸ್ನಾನಕ್ಕೆ ನಿಂತಾಗ ಸೋಲಾರ್ ಒಂದನ್ನೇ ನಂಬ್ಕೊಳಕ್ಕಾಗಲ್ಲ. ಆದ್ರೆ ದೊಡ್ಡ ಟ್ಯಾಂಕೊಳಗೆ ನೀರು ಕಾಯ್ಸೋ ಕರೆಂಟ್ ಕಾಯಿಲ್ ರಾತ್ರಿಯೆಲ್ಲ ಆನ್ ಇಟ್ರೆ ಕರೆಂಟ್ ಕುಡಿಯುತ್ತೆ, 100 ಲೀಟರನ್ನ 25 ಡಿಗ್ರಿಯಿಂದ 60ಕ್ಕೆ ಏರ್ಸೋಕೆ 4 ಯೂನಿಟ್ ಬೇಕು. ಅದಕ್ಕಿಂತ ಬಾತ್‌ರೂಮಲ್ಲಿ ಸಣ್ಣ ಗೀಸರ್ ಒಂದಿದ್ರೆ ಬೇಕಾದಷ್ಟೇ ಕಾಯ್ಸ್ಕೋಬೋದು. ಗೃಹಜ್ಯೋತಿಲಿ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ಲು ಕಟ್ಬೇಕು ಅನ್ನೋದು ನೆನಪಿರ್ಲಿ, 2 ಕಿಲೋವ್ಯಾಟ್ ಗೀಸರ್ ದಿನಾ ಒಂದು ಗಂಟೆ ಓಡಿದ್ರೇನೇ ತಿಂಗಳಿಗೆ 60 ಯೂನಿಟ್ ಆಯ್ತು.

ಟ್ಯೂಬಿನ ತುದೀಲಿ ಬೆಳ್ಳಿ ಥರ ಹೊಳೆಯೋ ಕಡೆ ನೋಡ್ತಾ ಇರಿ, ಅದು ಹಾಲಿನಂಗೆ ಬೆಳ್ಳಗಾಗಿದ್ರೆ ಗಾಜಿನ ಎರಡು ಪದರದ ನಡುವಿನ ವ್ಯಾಕ್ಯೂಮ್ ಹೋಗಿ ಗಾಳಿ ಸೇರ್ಕೊಂಡ್ತು ಅಂತ, ಆ ಒಂದನ್ನೇ ಬದಲಾಯ್ಸಿದ್ರೆ ಸಾಕು, ಸೆಟ್ಟೇ ಬದಲಾಯ್ಸಿ ಅಂದ್ರೆ ಒಪ್ಕೋಬೇಡಿ. ಧೂಳು ತೊಳೆಯೋದು ಬೆಳಗಿನ ಜಾವಕ್ಕೇ, ಕಾದ ಗಾಜಿಗೆ ತಣ್ಣೀರು ಹೊಯ್ದ್ರೆ ಬಿರುಕು ಬಿಡುತ್ತೆ. ಸಿಂಟೆಕ್ಸ್ ಖಾಲಿಯಾಗಿ ಟ್ಯೂಬೂ ಒಣಗೋಗಿದ್ರೆ ಮಧ್ಯಾಹ್ನ ಮೋಟ್ರು ಹಾಕಿ ತುಂಬ್ಸೋಕೆ ಹೋಗ್ಬೇಡಿ, ಸೋಲಾರಿಗೆ ಹೋಗೋ ಗೇಟ್ ವಾಲ್ವ್ ಬಂದ್ ಮಾಡಿಟ್ಟು ಬೆಳಗ್ಗೆ ಬಿಸಿಲೇರೋ ಮುಂಚೆ ಬಿಡಿ.