ಭಿನ್ನರಾಶಿ ಕಲಿಸಲು ಒಂದು ಎಕರೆ ಜಾಗ

ಎಕರೆ, ಗುಂಟೆ, ಹಿಸ್ಸೆ. ಶಿರಸಿ, ಸಿದ್ದಾಪುರದ ಕಡೆ ಮಕ್ಕಳು ದೊಡ್ಡವರ ಬಾಯಲ್ಲಿ ದಿನಾ ಕೇಳುವ ಮಾತುಗಳಿವು. ಆದರೂ ಆರನೇ ತರಗತಿಯಲ್ಲಿ 1/4 + 1/5 ಕೊಟ್ಟರೆ ಎಷ್ಟೋ ಮಕ್ಕಳು 2/9 ಎಂದು ಬರೆಯುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿಬಿಡುತ್ತಾರೆ. ಭಿನ್ನರಾಶಿ ಒಂದು ಅಳತೆ ಅನ್ನುವುದು ಅವರ ಕಣ್ಣಿಗೆ ಬಿದ್ದೇ ಇಲ್ಲ. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಶುರು ಮಾಡುವ ಮೊದಲು ಒಂದು ವಾರ ಹೀಗೆ ಮಾಡಿ ನೋಡಿ.

ಮೊದಲು ಮೈದಾನಕ್ಕೆ ಹೋಗಿ. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ. 132 ಅಡಿ ಹಗ್ಗಕ್ಕೆ 33 ಅಡಿಗೊಂದು ಗುರುತು ಕಟ್ಟಿ, ನಾಲ್ಕು ಮೂಲೆಗೆ ನಾಲ್ವರನ್ನು ನಿಲ್ಲಿಸಿ. ಮೂಲೆಯಿಂದ ಮೂಲೆಗೆ ಅಡ್ಡ ಅಳೆಯಿರಿ. ಎರಡೂ ಅಳತೆ ಸಮ ಬಂದರೆ ಚೌಕ ಸರಿ. ಈಗ ಕೇಳಿ: ಉದ್ದವೂ ಅರ್ಧ, ಅಗಲವೂ ಅರ್ಧ ಆದರೆ ಜಾಗ ಎಷ್ಟಾಗುತ್ತದೆ? 'ಅರ್ಧ' ಅಂದವರ ಕೈಗೇ ಸುಣ್ಣದ ಪುಡಿ ಕೊಟ್ಟು ಗೆರೆ ಎಳೆಸಿ. ಮಳೆಗಾಲದಲ್ಲಿ ಹೊರಗೆ ಇಳಿಯುವ ಹಾಗಿಲ್ಲ ಅಲ್ವಾ, ಆಗ ಜಗಲಿಯ ಮೇಲೆ 33 ಇಂಚಿನ ಚೌಕ ಸಾಕು. ಶಾಲೆಯ ಮೈದಾನವನ್ನೇ ಅಳೆಯಿರಿ, ಯಾರ ಮನೆಯ ಆಸ್ತಿಯನ್ನೂ ಲೆಕ್ಕಕ್ಕೆ ಎಳೆಯಬೇಡಿ. ತೋಟ ಇಲ್ಲದ ಮಕ್ಕಳೂ ಅಲ್ಲೇ ಕೂತಿರುತ್ತಾರೆ.

ಮರುದಿನ ಚೌಕುಳಿ ಹಾಳೆ. ಎಕರೆಗೆ 40 ಗುಂಟೆ. 8 ಮನೆ ಉದ್ದ, 5 ಮನೆ ಅಗಲದ ಆಯತ ಬರೆಸಿ. ಒಂದು ಮನೆ ಒಂದು ಗುಂಟೆ. 1/4ಕ್ಕೆ ಹಸಿರು ಬಣ್ಣ, 10 ಮನೆ. 1/5ಕ್ಕೆ ಹಳದಿ, 8 ಮನೆ. ಒಟ್ಟು 18, ಅಂದರೆ 18/40, ಅಂದರೆ 9/20. ಈಗ ಆ 2/9 ಅನ್ನು ಹಲಗೆಯ ಮೇಲೆ ಬರೆಯಿರಿ. 40 ಗುಂಟೆಯನ್ನು ಒಂಬತ್ತು ಪಾಲು ಮಾಡಿ ಎರಡು ಪಾಲು ತೆಗೆದರೆ 9 ಗುಂಟೆಯೂ ತುಂಬುವುದಿಲ್ಲ. ಹತ್ತಕ್ಕೆ ಎಂಟು ಸೇರಿಸಿದ ಮೇಲೆ ಒಂಬತ್ತಕ್ಕಿಂತ ಕಡಿಮೆ ಆಗಿದ್ದು ಹೇಗೆ? ಇಷ್ಟು ಕೇಳಿ ಸುಮ್ನೆ ನಿಲ್ಲಿ. ಬೆಲ್ ಹೊಡೆದರೂ ಪರವಾಗಿಲ್ಲ, ಉತ್ತರ ನೀವು ಹೇಳಬೇಡಿ. ಇಡೀ ಪಾಠದ ಜೀವ ಇರುವುದು ಇಲ್ಲೇ.

ಆಮೇಲೆ ಮೂವರು ಅಣ್ಣತಮ್ಮಂದಿರ ಹಿಸ್ಸೆ. ಒಂದು ಎಕರೆಯಲ್ಲಿ ತಲಾ 13 ಗುಂಟೆ, ಉಳಿದದ್ದು 1. ಜಾಗದ ಅಳತೆಯಲ್ಲಿ ಗುಂಟೆಗೆ 16 ಆಣೆ, ತಲಾ 5 ಆಣೆ ಹಂಚಿದರೂ ಮತ್ತೆ 1 ಉಳಿಯಿತು. 40 ಮನೆ ಮೂರಕ್ಕೆ ಹೊಂದುವುದಿಲ್ಲ. ಹಾಗಾದರೆ 1/3 + 1/4 ಮಾಡಲು ಎಷ್ಟು ಮನೆಯ ಆಯತ ಬೇಕು? ಮಕ್ಕಳೇ ಹುಡುಕಲಿ. 12 ಸಿಕ್ಕಿದ ಮೇಲೆ ಲ.ಸಾ.ಅ. ಅನ್ನುವ ಹೆಸರು ಹೇಳಿ.

ದಶಮಾಂಶಕ್ಕೆ ಬಂದಾಗ ಒಂದು ಎಚ್ಚರಿಕೆ ಬೇಕು. 2 ಎಕರೆ 10 ಗುಂಟೆಯನ್ನು 2-10 ಎಂದು ಬರೆಯುವ ರೂಢಿ ನಮ್ಮಲ್ಲಿದೆ. ಅದನ್ನು 2.10 ಎಂದು ಓದಿದರೆ ಕೆಟ್ಟಿತು. 10 ಗುಂಟೆ ಕಾಲು ಎಕರೆ, ಹಾಗಾಗಿ ಅದು 2.25.

ಕಾರವಾರದ ಬೈತಖೋಲ ಕಡೆಯ ಮಕ್ಕಳಿಗೆ ಎಕರೆಗಿಂತ ಮೀನಿನ ಪಾಲು ಹತ್ತಿರ. ದೋಣಿಗೆಷ್ಟು, ಬಲೆಗೆಷ್ಟು, ಆಳಿಗೆಷ್ಟು ಎಂದು ಅವರನ್ನೇ ಕೇಳಿ, ಅವರು ಹೇಳಿದ ಲೆಕ್ಕವನ್ನೇ ಮನೆಗಳಲ್ಲಿ ತುಂಬಿಸಿ. ಸರ್ಕಾರಿ ಶಾಲೆಗಳಿಗೆ ಬಂದ ಗಣಿತ ಕಲಿಕಾ ಆಂದೋಲನದ ಕಿಟ್ (ಕಲಿಕಾ ಸಾಮಗ್ರಿಯ ಪೆಟ್ಟಿಗೆ) ಕಪಾಟಿನಲ್ಲಿದ್ದರೆ ಅದನ್ನೂ ಹೊರಗೆ ತೆಗೆಯಿರಿ.

ವಾರದ ಕೊನೆಗೆ ಚಿತ್ರವಿಲ್ಲದೆ 1/2 + 1/3 ಕೊಡಿ. ಯಾರಾದರೂ 2/5 ಬರೆದರೆ ಕೆಂಪು ಗೀಟು ಬೇಡ. 'ನಿನ್ನ ಉತ್ತರ ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ, ನೋಡು ಪುಟ್ಟಾ' ಎಂದು ಕೇಳಿ, ಹಾಳೆಯನ್ನು ವಾಪಸ್ ಕೊಡಿ.