ಚಾರಣದ ಬ್ಯಾಗಿಗೆ ಯಾವ ಟೇಪು?

ಹೋದ ಭಾನುವಾರ ಪಾಂಡವಪುರದ ಕುಂತಿಬೆಟ್ಟ ಹತ್ತುವಾಗ ನನ್ನ ಶೂ ಸೋಲ್ ಬಾಯಿ ಬಿಟ್ಟಿತು. ಬ್ಯಾಗಲ್ಲಿದ್ದದ್ದು ಪಾರ್ಸೆಲ್‌ಗೆ ಹಚ್ಚೋ ಬ್ರೌನ್ ಟೇಪು. ನಾಲ್ಕು ಸುತ್ತು ಸುತ್ತಿದೆ, ಹತ್ತು ಹೆಜ್ಜೆಗೆ ಕಿತ್ತು ಬಂತು. ಜೊತೆಗಿದ್ದವರ ನೀರಿನ ಬಾಟಲಿಗೆ ಸುತ್ತಿದ್ದ ಡಕ್ಟ್ ಟೇಪೇ ಕೆಳಗಿಳಿಯೋ ತನಕ ಮಾನ ಕಾಪಾಡಿದ್ದು.

ಕೊಳ್ಳುವಾಗ ತುದಿ ಸ್ವಲ್ಪ ಹರಿದು ನೋಡಿ. ಮೇಲೆ ಪ್ಲಾಸ್ಟಿಕ್, ಕೆಳಗೆ ಅಂಟು, ನಡುವೆ ನೂಲಿನ ಬಲೆ ಕಾಣಬೇಕು. ಗಟ್ಟಿತನವೆಲ್ಲ ಆ ನೂಲಲ್ಲೇ ಇರೋದು. ಎಳೆ ಒತ್ತಾಗಿದ್ದಷ್ಟೂ ಒಳ್ಳೇದು. ನೂಲೇ ಇಲ್ಲದ ಬೆಳ್ಳಿ ಬಣ್ಣದ್ದೂ ಸಿಗುತ್ತೆ, ಬಣ್ಣ ನೋಡಿ ಮರುಳಾಗಬೇಡಿ. 48 ಮಿ.ಮೀ. ಅಗಲ ಸಾಕು. ಇಡೀ ರೋಲ್ ಹೊರೋದ್ಯಾಕೆ, ಎರಡು ಮೀಟರ್ ಬಾಟಲಿಗೇ ಸುತ್ತಿಕೊಳ್ಳಿ.

ಹಚ್ಚುವ ಮುಂಚೆ ಧೂಳು, ಪಸೆ ಒರೆಸಿ. ಟೆಂಟಿಗೆ, ರೇನ್‌ಕೋಟಿಗೆ ತೇಪೆ ಹಾಕೋದಾದರೆ ಮೂಲೆಗಳನ್ನು ಗುಂಡಗೆ ಕತ್ತರಿಸಿ, ಒಳಗೂ ಹೊರಗೂ ಅಂಟಿಸಿ. ಚೂಪು ಮೂಲೆಯೇ ಮೊದಲು ಮೇಲೇಳೋದು.

ಗದ್ದೆ ಪಂಪಿನ ಪೈಪು ಸೋರಿದರೆ ಮಾತ್ರ ಇದನ್ನ ನಂಬಬೇಡಿ, ನೀರಿನ ಒತ್ತಡಕ್ಕೆ ನಿಲ್ಲಲ್ಲ. ತನಗೆ ತಾನೇ ಬೆಸೆದುಕೊಳ್ಳೋ ಸಿಲಿಕೋನ್ ಟೇಪು ತಂದು, ಚೆನ್ನಾಗಿ ಹಿಗ್ಗಿಸಿ ಒಂದರ ಮೇಲೊಂದು ಬರೋ ಹಾಗೆ ಸುತ್ತಿ.