ಮೊಳೆ ಇಲ್ಲದೆ, ಗೋಂದಿಲ್ಲದೆ ಖುಫು ದೋಣಿ ಕಟ್ಟಿದ ನನ್ನ ಅನುಭವ

ಮಹಾ ಪಿರಮಿಡ್ ಕಟ್ಟಿಸಿದ ಪ್ರಾಚೀನ ಈಜಿಪ್ಟಿನ ಖುಫು ದೊರೆಯ ದೋಣಿಯ ಮಾದರಿ ಕೊನೆಗೂ ತೇಲಿತು. ಒಂದು ಮೊಳೆ ಇಲ್ಲ, ತೊಟ್ಟು ಗೋಂದಿಲ್ಲ; ಮೂಲದಂತೆಯೇ ಹಲಗೆಗಳನ್ನು ಹಗ್ಗದಿಂದ ಹೊಲಿದು ಕಟ್ಟಿದ್ದು. "ಒಳಗೆ ಸುಮ್ನೆ ಎಪಾಕ್ಸಿ ಸವರಿಬಿಡಿ, ಯಾರಿಗೆ ಗೊತ್ತಾಗುತ್ತೆ" ಎಂದವರೇ ಜಾಸ್ತಿ. ಅವರು ಓದಲಿ ಅಂತಲೇ ಬರೆಯುತ್ತಿದ್ದೇನೆ.

ಅಳತೆ 1:20. ಮೂಲ ದೋಣಿ 43 ಮೀಟರ್ ಚಿಲ್ಲರೆ, ನನ್ನದು 2 ಮೀಟರಿಗಿಂತ ಸ್ವಲ್ಪ ಉದ್ದ. ಮೂಲದ ಮರ ಲೆಬನಾನಿನ ಸೀಡರ್. ಅದರ ಬೆಲೆ ಕೇಳಿಯೇ ಕೈಬಿಟ್ಟೆ. ನಮ್ಮ ಹಿಮಾಲಯದ ದೇವದಾರು ಅದೇ ಕುಲದ್ದು, ಅದನ್ನೇ ತರಿಸಿದೆ. ಸಾಗಣೆ ಸೇರಿ 18,000 ರೂಪಾಯಿ ಆಸುಪಾಸು. ಮೊದಲು ಸೀಳಿಸಿದ ಹಲಗೆಗಳು ಒಣಗುತ್ತಾ ತಿರುಚಿಕೊಂಡವು. ಅಲ್ಲಿಗೆ ಮೂರರಲ್ಲಿ ಒಂದು ಪಾಲು ದುಡ್ಡು ಹೋಯಿತು.

ಕೈ ಹೇಗೆ ಓಡಬೇಕು ಎಂಬುದನ್ನು ಈಜಿಪ್ಟಿನ ಸಕ್ಕಾರಾದಲ್ಲಿರುವ ತಿ ಎಂಬ ಪ್ರಾಚೀನ ಅಧಿಕಾರಿಯ ಸಮಾಧಿಯ ಉಬ್ಬುಚಿತ್ರಗಳಲ್ಲಿ ನೋಡಿ. ಬಾಚಿ ಹಿಡಿದು ದೋಣಿಯ ಮೈ ಕೆತ್ತುವವರು, ಉಳಿಯಿಂದ ತೂತು ಹೊಡೆಯುವವರು ಎಲ್ಲ ಅಲ್ಲಿದ್ದಾರೆ. 1954ರಲ್ಲಿ 1,224 ತುಂಡುಗಳಾಗಿ ಸಿಕ್ಕ ಮೂಲ ದೋಣಿಯನ್ನು ಜೋಡಿಸಿದ ಅಹ್ಮದ್ ಯೂಸುಫ್ ಕೂಡ ಇಂಥ ಚಿತ್ರಗಳನ್ನೂ ನೈಲ್ ದಂಡೆಯ ದೋಣಿ ಕಟ್ಟುವವರನ್ನೂ ನೋಡಿಯೇ ಕಲಿತರು.

ಕಷ್ಟ ಇರುವುದು ಹಲಗೆ ಹೊಲಿಯುವ ಹಗ್ಗ ಹಾಯುವ ತೂತಿನಲ್ಲಿ. ಹಗ್ಗ ಹೊರಮೈಗೆ ಬರಲೇಬಾರದು. ಒಳಮೈಯಿಂದ ಇಳಿದು, ‘ವಿ’ ಆಕಾರದಲ್ಲಿ ತಿರುಗಿ, ಒಳಮೈಗೇ ಏರಬೇಕು. 7 ಮಿಲಿಮೀಟರ್ ಹಲಗೆಯಲ್ಲಿ ಮಾಡಿ ನೋಡಿ! ಡ್ರಿಲ್ಲನ್ನು ಎಷ್ಟು ಓರೆ ಹಿಡಿದೆ ಎಂಬುದು ನನ್ನಲ್ಲೇ ಇರಲಿ.

ಜಾಸ್ತಿ ಸತಾಯಿಸಿದ್ದು ಹುರಿ. ನೈಲಾನ್ ನೆನೆದರೆ ಸಡಿಲ. ತೆಂಗಿನ ನಾರು ತೂತಿನ ಅಂಚನ್ನೇ ಕಿತ್ತಿತು. ಕೊನೆಗೆ ಪುಂಡಿ ನಾರನ್ನು ನಾನೇ ಬಿಗಿಯಾಗಿ ಹೊಸೆದೆ. ಎಷ್ಟು ತಿರುವು ಅಂತ ಕೇಳಬೇಡಿ. ಒಣ ಹುರಿಯಲ್ಲೇ ಕಟ್ಟಿ ತೊಟ್ಟಿಗಿಳಿಸಿದೆ. ಮೊದಲು ಸೋರಿತು, ನೋಡುತ್ತಿದ್ದವರು ನಕ್ಕರು. ಆಮೇಲೆ ಮರ ಉಬ್ಬಿತು, ಹುರಿ ಕುಗ್ಗಿತು, ಸಂದುಗಳು ತಾವೇ ಮುಚ್ಚಿಕೊಂಡವು. ನೀರು ಮೊಗೆದು ಹಾಕಿ ಮಲಗಿದೆ. ಬೆಳಿಗ್ಗೆ ಒಳಗೆ ಒಂದು ಲೋಟ ನೀರೂ ಸೇರಿರಲಿಲ್ಲ. ನಕ್ಕವರನ್ನು ಕರೆದು ತೋರಿಸಿದೆ.

ನಡುವೆ ಇನ್ನೊಂದು ಹುಚ್ಚು ಹಿಡಿದಿತ್ತು. ಅದೇ ತಿ ಸಮಾಧಿಯಲ್ಲಿ ನೀರಾನೆ ಬೇಟೆಯ ಚಿತ್ರವಿದೆ, ಅಲ್ಲಿರುವುದು ಪಪೈರಸ್ ಎಂಬ ಜೊಂಡಿನ ಕಟ್ಟುಗಳಿಂದ ಮಾಡಿದ ದೋಣಿಗಳು. ಕೆರೆಯ ಜೊಂಡು ಕಟ್ಟಿ ಅಂಥದ್ದೊಂದು ಮಾಡಿದೆ. ಕೆಲವು ದಿನ ತೇಲಿ, ನೀರು ಕುಡಿದು ಮುಳುಗಿತು. ಆದರೂ ಲಾಭವಾಯಿತು. ಖುಫು ದೋಣಿಯ ಮೂತಿಯನ್ನು ಕೆತ್ತಿರುವುದು ಪಪೈರಸ್ ಕಟ್ಟಿನ ಆಕಾರದಲ್ಲೇ ಅಲ್ವಾ? ಆ ಬಾಗನ್ನು ಜೊಂಡಿನ ಮೇಲೆ ಅಳೆದು ಮರಕ್ಕಿಳಿಸಿದೆ. ನಕ್ಷೆ ನೋಡಿ ಕೆತ್ತಿದ್ದಕ್ಕಿಂತ ಇದೇ ಚೆನ್ನಾಗಿ ಬಂತು.

ಒಟ್ಟು ಖರ್ಚು 40,000 ದಾಟಿರಬೇಕು. 10 ಹುಟ್ಟು, ಹಿಂದಿನ 2 ಚುಕ್ಕಾಣಿ ಹುಟ್ಟು ಬಾಕಿ ಇವೆ. ಉಳಿದಿರುವ ದೇವದಾರು ಅವಕ್ಕೆ ಸಾಕು.